ಹೊಸ್ತಿಲ ಮೇಲೆ ನಿಂತ ಹಾಡು

ಚೆನ್ನೈಯಲ್ಲಿ ನಾನು ಮೊದಲ ಸಲ ಹಾಡಲು ನಿಂತಾಗ ನನ್ನ ಕಿವಿಗೆ ಒಂದು ಹೆಡ್‌ಫೋನ್ ಹಾಕಿದರು. ಅದರೊಳಗೆ ಶ್ರುತಿಯಿಲ್ಲ, ಸ್ವರವಿಲ್ಲ. ತಾಳ ತಪ್ಪದಿರಲೆಂದು ಟಿಕ್, ಟಿಕ್, ಟಿಕ್ ಎಂಬ ಒಂದೇ ಸದ್ದು. ಗಾಜಿನಾಚೆ ಕುಳಿತ ಹುಡುಗಿ ಇನ್ನು ಹಾಡಬಹುದು ಎಂದು ಕೈ ಮಾಡಿದಳು. ನನ್ನ ಎದೆ ಆ ಟಿಕ್ಕಿನ ಎರಡರಷ್ಟು ವೇಗದಲ್ಲಿ ಬಡಿದುಕೊಳ್ಳುತ್ತಿತ್ತು. ಯಾವುದಕ್ಕೆ ತಾಳ ಹಾಕುವುದು ಎಂದು ತಿಳಿಯದೆ ಬಾಯಿ ತೆರೆದು ಹಾಗೇ ನಿಂತೆ. ಅಷ್ಟರಲ್ಲಿ ಗೋಡೆಯಾಚೆ ಏನೋ ಕಿರ್ರೆಂದು ಶುರುವಾಯಿತು. ಹುಡುಗಿ ಹಣೆ ಚಚ್ಚಿಕೊಂಡು, ಸಾಕು ನಿಲ್ಲಿಸು ಎಂದು ಸನ್ನೆ ಮಾಡಿದಳು. ಪಕ್ಕದ ಶೆಡ್ಡಿನವರು ಕಬ್ಬಿಣ ಕಡೆಯುವ ಲೇತ್ ಮಿಷನ್ ಚಾಲೂ ಮಾಡಿದ್ದರು.

ಆ ಹುಡುಗಿ ಕಯಲ್. ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ನಟ್ಟು ಬೋಲ್ಟು ಮಾಡುವ ಶೆಡ್ಡುಗಳ ಸಾಲಿನ ಕೊನೆಯಲ್ಲಿ ಅವಳ ಸ್ಟುಡಿಯೋ. ಸ್ಟುಡಿಯೋ ಎಂದರೆ ತಂಪು, ಮೌನ, ಮೆತ್ತನೆಯ ಗೋಡೆ ಎಂದೆಲ್ಲ ನಾನು ಊರಿನಲ್ಲಿ ಕುಳಿತು ಅಂದುಕೊಂಡಿದ್ದೆ. ಮೆತ್ತನೆಯ ಗೋಡೆಯೇನೋ ಇತ್ತು, ಹಳೆಯ ಹಾಸಿಗೆಗಳನ್ನು ಕತ್ತರಿಸಿ ಅಂಟಿಸಿದ್ದು. ಮೌನ ಮಾತ್ರ ದಿನಕ್ಕೆ ಒಂದೇ ಗಂಟೆ, ಲೇತಿನವರು ಊಟಕ್ಕೆ ಹೋಗುವ ಹೊತ್ತು. ದನಿಯ ಕೆಲಸವೆಲ್ಲ ಆ ಒಂದು ಗಂಟೆಯಲ್ಲಿ ಮುಗಿಯಬೇಕು. ಹಾಗಾಗಿ ನನ್ನ ಹಾಡುಗಳನ್ನೆಲ್ಲ ನಾನು ಹಸಿದ ಹೊಟ್ಟೆಯಲ್ಲಿ, ಗಡಿಯಾರ ನೋಡುತ್ತ ಹಾಡಿದ್ದೇನೆ.

ಕುಂದಾಪುರದ ಶಾಲೆಯಲ್ಲಿ ನಾನು ಸಂಗೀತದ ಟೀಚರಾಗಿದ್ದೆ. ನಾನೇ ಕಟ್ಟಿ ಗಿಟಾರ್ ಹಿಡಿದು ಹಾಡಿದ ಒಂದು ಹಾಡನ್ನು ಫೋನಿನಲ್ಲಿ ಕೇಳಿದ ಕಯಲ್, ಇಲ್ಲಿಗೆ ಬಾ, ಆರು ಹಾಡು ಮಾಡೋಣ ಎಂದು ಬರೆದಳು. ಹಿಂದುಮುಂದು ನೋಡದೆ ಕೆಲಸ ಬಿಟ್ಟೆ. ಹಿಂದುಮುಂದು ನೋಡುವ ಕೆಲಸವನ್ನು ಇಲ್ಲಿಗೆ ಬಂದ ಮೇಲೆ ಶುರು ಮಾಡಿದೆ, ಇನ್ನೂ ಮುಗಿದಿಲ್ಲ. ಮೂವತ್ತೊಂದು ವರ್ಷಕ್ಕೆ ಇದೆಲ್ಲ ಬೇಕಿತ್ತೇ ಎಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ಒಂದು ಸಲ ಕೇಳಿಕೊಳ್ಳುತ್ತೇನೆ.

ಮನೆ ಹುಡುಕುವಾಗಿನ ಕಥೆ ಕೇಳಿ. ಕ್ರೋಂಪೇಟೆಯಲ್ಲಿ ಮಹಡಿಯ ಮೇಲಿನ ಒಂದು ಕೋಣೆ. ಹೌಸ್ ಓನರ್ ಅಮ್ಮ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಏನು ಕೆಲಸ ಎಂದು ಕೇಳಿದರು. ಹಾಡುತ್ತೇನೆ ಎಂದೆ. ಮುಖ ಅರಳಿತು. ಯಾವ ಸಭಾ ಎಂದರು. ಸಭಾ ಎಂದರೆ ಇಲ್ಲಿ ಶಾಸ್ತ್ರೀಯ ಕಛೇರಿ ನಡೆಸುವ ಸಂಸ್ಥೆ. ಸಭಾ ಅಲ್ಲ ಎಂದೆ. ಹಾಗಾದರೆ ಸಿನಿಮಾವೇ? ಅದೂ ಅಲ್ಲ, ನಾನೇ ಬರೆದು ನಾನೇ ಹಾಡುವುದು ಎಂದೆ. "ಅಪ್ಪಡಿನಾ?" ಎಂದು ಹುಬ್ಬು ಗಂಟಿಕ್ಕಿದರು. ಹಾಗಂದರೆ ಏನು ಎಂದರ್ಥ. ನಗಬೇಡಿ, ಊರಿನಲ್ಲೂ ಹೀಗೇ ಆಗಿತ್ತು. ಅಲ್ಲಿ ಕೇಳುತ್ತಿದ್ದುದು ಭಜನೆಯಾ ಯಕ್ಷಗಾನವಾ ಎಂದು, ಎರಡೂ ಅಲ್ಲ ಎಂದರೆ ಮದುವೆ ಯಾವಾಗ ಎಂದು. ಇಲ್ಲಿಯವರು ಮದುವೆಯ ಮಾತೆತ್ತಲಿಲ್ಲ, ಅಷ್ಟು ಪುಣ್ಯ.

ಕೋಣೆ ಸಿಕ್ಕಿತು, ಹಾಡಕೂಡದು ಎಂಬ ಷರತ್ತಿನ ಮೇಲೆ. ಅಲ್ಮೇರಾದ ಬಾಗಿಲು ತೆರೆದು, ನೇತುಹಾಕಿದ ಬಟ್ಟೆಗಳ ನಡುವೆ ತಲೆ ತೂರಿಸಿ ಅಭ್ಯಾಸ ಮಾಡಲು ಕಲಿತೆ. ಒಂದು ದಿನ ಓನರ್ ಅಮ್ಮ ಮೇಲೆ ಬಂದು, ಯಾಕಮ್ಮ ಅಳುತ್ತೀ, ಊರು ನೆನಪಾಯಿತೇ ಎಂದು ಕೇಳಿ ಒಂದು ಲೋಟ ಮಜ್ಜಿಗೆ ಕೊಟ್ಟು ಹೋದರು. ನನ್ನ ಹಾಡು ಅಳುವಿನಂತೆ ಕೇಳಿಸುತ್ತದೆ ಎಂಬ ಚಿಂತೆ ಅಂದಿನಿಂದ ಹತ್ತಿಕೊಂಡಿತು. ಆದರೆ ನೆನಪಾಗಿದ್ದಂತೂ ನಿಜ. ಕುಚ್ಚಲಕ್ಕಿ ಗಂಜಿಯ ನೆನಪು, ಬೆಲ್ಲ ಹಾಕಿದ ಸಾಂಬಾರಿನ ನೆನಪು, ಬಾವಿಕಟ್ಟೆಯ ಮೇಲೆ ಕುಳಿತು ಯಾರ ಅಪ್ಪಣೆಯೂ ಇಲ್ಲದೆ ಗಂಟಲು ಬಿಚ್ಚಿ ಹಾಡುತ್ತಿದ್ದುದರ ನೆನಪು.

ಇದಕ್ಕೆಲ್ಲ ನನಗಿದ್ದ ಮದ್ದು ಸುಶೀಲ ಚಿಕ್ಕಮ್ಮ. ಅಮ್ಮನ ತಂಗಿ. ಮೂವತ್ತು ವರ್ಷಗಳ ಹಿಂದೆ ಮದುವೆಯಾಗಿ ಮದ್ರಾಸಿಗೆ ಬಂದವಳು. ಅವಳಿಗೆ ಇದು ಇವತ್ತಿಗೂ ಮದ್ರಾಸೇ. ಚಿಕ್ಕಪ್ಪ ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆಯಲ್ಲಿದ್ದಾರೆ. ನನ್ನ ಕೋಣೆಯಿಂದ ಎರಡು ಬೀದಿ ಆಚೆ, ಒಂದೇ ಅಂಗಳಕ್ಕೆ ಆರು ಬಾಗಿಲುಗಳಿರುವ ಸಾಲುಮನೆಯಲ್ಲಿ ಅವರ ಸಂಸಾರ. ಉಳಿದ ಐದೂ ತಮಿಳರ ಮನೆ. ಮಗಳು ವಿದ್ಯಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಚಿಕ್ಕಮ್ಮ ನಾನು ಹೋದಾಗಲೆಲ್ಲ "ಸಾಪಾಡ್ ಆಯ್ತಾ ಮಗಾ?" ಎನ್ನುತ್ತಾಳೆ. ಊಟಕ್ಕೆ ತಮಿಳಿನ ಮಾತು, ಉಳಿದದ್ದು ನಮ್ಮ ಕುಂದಾಪುರದ್ದು. ಆ ಅರ್ಧ ಮಾತು ಕೇಳಲಿಕ್ಕೇ ನಾನು ವಾರಕ್ಕೆ ಮೂರು ಸಲ ಹೋಗುತ್ತಿದ್ದೆ.

ಹೀಗೆ ಹೋಗಿದ್ದ ಒಂದು ಮಧ್ಯಾಹ್ನ ಅವಳು ತೆಂಗಿನಕಾಯಿ ತುರಿಯುತ್ತ ಒಂದು ಶೋಭಾನೆ ಎತ್ತಿಕೊಂಡಳು. ವಿದ್ಯಾಳ ಮದುವೆ ನಿಶ್ಚಯವಾಗಿತ್ತು, ಊರಿನಲ್ಲಿ ಮಾಡುವುದೆಂದು. ಚಿಕ್ಕಮ್ಮನ ಬಾಯಿಗೆ ತಾನಾಗಿಯೇ ಮದುವೆಯ ಹಾಡು ಬಂದಿತ್ತು. "ದೀಪ ಹಿಡಿದು ಬಂದಾಳೆ, ಹೊಸ್ತಿಲ ಮೇಲೆ ನಿಂತಾಳೆ." ಫೋನನ್ನು ಹಿಟ್ಟಿನ ಡಬ್ಬದ ಮೇಲಿಟ್ಟು ರೆಕಾರ್ಡ್ ಒತ್ತಿದೆ. ಎಂತಕೆ ಎಂದು ಕೇಳಿದಳು. ಸುಮ್ಮನೆ, ನೆನಪಿಗೆ ಎಂದೆ. ಹೇಳಿದ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ. ಎರಡು ಸಾಲು ಆಗುವಷ್ಟರಲ್ಲಿ ಕುಕ್ಕರ್ ಕೂಗಿತು, ಅವಳು ಒಲೆಯ ಕಡೆ ಎದ್ದು ಹೋದಳು, ಹಾಡು ಅಲ್ಲಿಗೇ ನಿಂತಿತು.

ಆರನೆಯ ಹಾಡಿಗಾಗಿ ತಡಕಾಡುತ್ತಿದ್ದ ನಮಗೆ ಆ ಎರಡು ಸಾಲು ನಿಧಿ ಸಿಕ್ಕಂತಾಯಿತು. ನಾನು ಗಿಟಾರಿನ ತಂತಿ ಇಳಿಸಿ ಚಿಕ್ಕಮ್ಮನ ಶ್ರುತಿಗೆ ಕೂಡಿಸಿದೆ. ನಮ್ಮ ಡೋಲಕ್‌ನ ಅರುಳ್ ಗಾನಾ ತಾಳ ಕೂರಿಸಿದ. ಗಾನಾ ಎಂದರೆ ಈ ಊರಿನ ಬೀದಿಗಳಲ್ಲೇ ಹುಟ್ಟಿದ ಹಾಡು, ಇವರು ಅದನ್ನು ಸಾವಿನ ಮನೆಯ ಮುಂದೆಯೂ ಹಾಡುತ್ತಾರೆ. ಅರುಳ್ ಎಣ್ಣೂರಿನ ಮೀನುಗಾರರ ಕೇರಿಯವನು. ಅಲ್ಲಿಯ ವಿದ್ಯುತ್ ಸ್ಥಾವರದ ಬೂದಿ ಡೋಲಕ್ಕಿನ ಚರ್ಮದ ಮೇಲೂ ಕೂರುತ್ತದೆ, ದಿನಾ ಬಂದವನೇ ಮೊದಲು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ. ಸಾವಿನ ಮನೆಯ ತಾಳವನ್ನು ಮದುವೆಯ ಹಾಡಿಗೆ ಹಾಕಿಸುತ್ತಿದ್ದೇನಲ್ಲ ಎಂದು ಒಳಗೊಳಗೇ ಅಳುಕಿದ್ದೆ. ಆದರೆ ಕೇಳಲು ಬಹಳ ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೆ ಅಳುಕನ್ನು ನುಂಗಿಕೊಂಡೆ.

ತೊಂದರೆ ಇದ್ದದ್ದು ಒಂದೇ. ಚಿಕ್ಕಮ್ಮ ಟಿಕ್ಕಿಗೆ ಹಾಡುವವಳಲ್ಲ. ಎಲ್ಲಿ ಬೇಕೋ ಅಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಇಷ್ಟವಾದ ಕಡೆ ಎಳೆಯುತ್ತಾಳೆ. ಕಯಲ್ ಕಂಪ್ಯೂಟರಿನಲ್ಲಿ ಆ ಉಸಿರುಗಳನ್ನು ಒಂದೊಂದಾಗಿ ಕತ್ತರಿಸಿ, ಸಾಲುಗಳನ್ನು ಟಿಕ್ಕಿಗೆ ಕೂರಿಸಿ ಲೂಪ್ ಮಾಡಿದಳು. ಲೂಪ್ ಎಂದರೆ ಅದೇ ತುಣುಕು ಸುತ್ತಿ ಸುತ್ತಿ ಬರುವುದು. ನಿಂತಾಳೆ, ನಿಂತಾಳೆ, ನಿಂತಾಳೆ. ಕೊನೆಯಲ್ಲಿ ಸದ್ದನ್ನು ನಿಧಾನವಾಗಿ ಸಣ್ಣ ಮಾಡಿ ಹಾಡು ಮುಗಿಯಿತು ಎಂದೆವು. ಒಂದು ನಿಮಿಷದ ತುಣುಕನ್ನು ಎಲ್ಲರೂ ಕೇಳಲೆಂದು ಫೋನುಗಳಿಗೆ ಹರಿಯಬಿಟ್ಟೆವು.

ಇಲ್ಲೇ ನಾನು ತಪ್ಪಿದ್ದು. ನಮ್ಮ ಕಡೆ ಶೋಭಾನೆ ಶುರು ಮಾಡಿದವರು ಮುಗಿಸಲೇಬೇಕು. ಹೆಣ್ಣನ್ನು ಹಾಡಿನಲ್ಲಿ ಹೊಸ್ತಿಲಿನವರೆಗೆ ತಂದ ಮೇಲೆ ದಾಟಿಸಿ, ದೀಪ ಇಳಿಸಿ, ಮಂಗಳ ಹೇಳಿ ಬಿಡಬೇಕು. ಹಾಡುವವಳಿಗೆ ಕೆಮ್ಮು ಬಂದರೆ ಪಕ್ಕದವಳು ಎತ್ತಿಕೊಳ್ಳುತ್ತಾಳೆಯೇ ಹೊರತು ಯಾರೂ ಅರ್ಧಕ್ಕೆ ಬಿಡುವುದಿಲ್ಲ, ಬಿಟ್ಟರೆ ಮದುವೆಗೆ ವಿಘ್ನ. ಚಿಕ್ಕಂದಿನಿಂದ ಗೊತ್ತಿದ್ದ ಮಾತು ಇದು. ಕಂಪ್ಯೂಟರಿನ ಮುಂದೆ ಕುಳಿತಾಗ ನನಗೆ ಅದು ನೆನಪಾಗಲೇ ಇಲ್ಲ.

ವಿದ್ಯಾ ಖುಷಿಯಿಂದ ಆ ತುಣುಕನ್ನು ತಾಯಿಗೆ ಕೇಳಿಸಿದ್ದಳು. ನಾನು ಹೋದಾಗ ಚಿಕ್ಕಮ್ಮ ಬೈಯಲಿಲ್ಲ, ಸಾಪಾಡ್ ಆಯ್ತಾ ಎಂದೂ ಕೇಳಲಿಲ್ಲ. ನೆಲ ಒರೆಸುತ್ತಿದ್ದವಳು ತಲೆ ಎತ್ತದೆ ಹೇಳಿದಳು.

"ಅಲ್ದಾ ಮಗಾ, ಹೆಣ್ಣನ್ನ ಹೊಸ್ತಿಲ್ ಮೇಲೆ ನಿಲ್ಸಿ ಬಿಟ್ಟಿದ್ಯಲೆ. ದಾಟುದ್ ಯಾವಾಗ? ನನ್ ಮಗಳ್ ಮದಿ ಇತ್ತ್. ನಾ ಉಸ್ರ್ ತಕಂಡದ್ದೂ ಇಲ್ಲೆ ಅದ್ರಗೆ."

ಮದಿ, ಅಂದರೆ ವಿದ್ಯಾಳ ಮದುವೆ, ಇನ್ನೂ ಮುಂದಿತ್ತು. ತುಣುಕನ್ನು ಅವತ್ತೇ ತೆಗೆಸಿದೆ. ಆದರೆ ಕೇಳಿದವರು ಕೇಳಿಯಾಗಿತ್ತು. ವಿದ್ಯಾಳ ಮದುವೆಗೆ ಒಂದು ಸಣ್ಣ ವಿಘ್ನ ಬಂದರೂ ಅದು ನನ್ನ ತಲೆಗೇ ಬರುತ್ತದೆ ಎಂದು ಹೆದರಿದೆ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು ಎಂದು ಹತ್ತು ಸಲ ಹೇಳಿಕೊಂಡೆ. ಹತ್ತು ಸಲ ಹೇಳಿಕೊಳ್ಳಬೇಕಾಯಿತೆಂದರೆ ನಿಮಗೇ ಅರ್ಥವಾಗುತ್ತದೆ.

ಇತ್ತ ನಮ್ಮ ಮೊದಲ ಪ್ರದರ್ಶನಕ್ಕೆ ಮೂರು ವಾರವಿತ್ತು. ಆರು ಹಾಡುಗಳನ್ನೂ ಜನರ ಮುಂದೆ ಹಾಡಬೇಕು. ಐದು ಸರಿಯಾದವು. ಆರನೆಯದನ್ನು ಮುಗಿಸಲು ಮಾತ್ರ ಯಾರಿಗೂ ಆಗಲಿಲ್ಲ. ರೆಕಾರ್ಡಿನಲ್ಲಿ ಸದ್ದು ಸಣ್ಣ ಮಾಡಿ ತಪ್ಪಿಸಿಕೊಳ್ಳಬಹುದು, ವೇದಿಕೆಯ ಮೇಲೆ ಮೂರು ಜನ ಸಣ್ಣಗಾಗುತ್ತ ಎಲ್ಲಿಗೆ ಹೋಗುವುದು? ಅರುಳ್ ಜೋರಾಗಿ ಒಂದು ಮುಕ್ತಾಯ ಬಾರಿಸಿ ನೋಡಿದ. ಕಯಲ್ ಒಮ್ಮೆಲೇ ಎಲ್ಲವನ್ನೂ ಬಂದ್ ಮಾಡಿ ನೋಡಿದಳು, ಕರೆಂಟು ಹೋದಂತಾಯಿತು. ಕೊನೆಗೆ ಅವಳು ನನ್ನ ಕಡೆ ತಿರುಗಿ, ನಿಜವಾದ ಹಾಡು ಹೇಗೆ ಮುಗಿಯುತ್ತದೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಮದುವೆಮನೆಗಳಲ್ಲಿ ಆ ಹೊತ್ತಿಗೆ ನಾನು ಊಟದ ಪಂಕ್ತಿಯಲ್ಲಿ ಜಾಗ ಹಿಡಿಯಲು ಓಡುತ್ತಿದ್ದೆ. ಅಮ್ಮನಿಗೆ ಹಾಡು ಬಾರದು. ಅಜ್ಜಿ ಇಲ್ಲ.

ಮತ್ತೆ ಚಿಕ್ಕಮ್ಮನ ಮನೆಗೆ ಹೋದೆ. ತಪ್ಪಾಯಿತು ಎಂದೆ, ಪೂರ್ತಿ ಹಾಡು ಕಲಿಸು, ಪೂರ್ತಿ ಹಾಡುತ್ತೇನೆ ಎಂದೆ. ಅವಳು ಸೆರಗಿನ ತುದಿಗೆ ಕೈ ಒರೆಸಿಕೊಂಡು ಕುಳಿತಳು.

"ಮುಂದೆ ಬತ್ತಿಲ್ಲೆ ಮಗಾ. ಕುಕ್ಕರ್ ಕೂಗಿದ್ದಕ್ಕೆ ನಾ ನಿಲ್ಸಿದ್ದಲ್ಲ. ಮರ್ತೇ ಹೋಯ್ತ್."

ಮೂವತ್ತು ವರ್ಷ ಇಲ್ಲಿ ಯಾರ ಮದುವೆಯಲ್ಲೂ ಅದನ್ನು ಹಾಡುವ ಸಂದರ್ಭ ಬರಲಿಲ್ಲವಂತೆ. ಈಗ ಮಗಳ ಮದುವೆಯಲ್ಲಿ ತಾಯಿಯೇ ಹಾಡಬೇಕು, ಊರಿನ ಹೆಂಗಸರೆಲ್ಲ ಸುತ್ತ ಕುಳಿತಿರುತ್ತಾರೆ. ಎರಡು ಸಾಲಿನ ಮುಂದೆ ಏನು ಎಂದು ತಿಂಗಳುಗಟ್ಟಲೆ ಒಬ್ಬಳೇ ಒದ್ದಾಡುತ್ತಿದ್ದಳಂತೆ. ನಾನೋ ಆ ಎರಡು ಸಾಲನ್ನೇ ಊರೆಲ್ಲ ಕೇಳುವಂತೆ ತಿರುಗಿಸಿ ತಿರುಗಿಸಿ ಹಾಕಿದ್ದೆ. ಊರಿನಲ್ಲಿ ಶೋಭಾನೆಗೆ ಕೂರುವ ದೇವಕಿ ದೊಡ್ಡಮ್ಮನಿಗೆ ಗೊತ್ತಿರಬಹುದು, ಫೋನ್ ಮಾಡಲೇ ಎಂದೆ. ಚಿಕ್ಕಮ್ಮ ಕೈ ಹಿಡಿದುಕೊಂಡಳು. ಮದ್ರಾಸಿಗೆ ಹೋದವಳು ಶೋಭಾನೆಯನ್ನೂ ಮರೆತಳು ಎಂದು ಆಡಿಕೊಳ್ಳುತ್ತಾರೆ, ದಯಮಾಡಿ ಕೇಳಬೇಡ ಎಂದಳು. ಕೇಳುವುದಿಲ್ಲ ಎಂದು ಮಾತು ಕೊಟ್ಟೆ.

ಎಂಟು ದಿನದ ಮೇಲೆ ಬೆಳಿಗ್ಗೆ ಅವಳ ಫೋನು. ಬಟ್ಟೆ ಒಣಗಿಸುವಾಗ ನೆನಪಾಯಿತು, ಬೇಗ ಬಾ. ಓಡಿದೆ. ಅಂಗಳದಲ್ಲಿ ಹಗ್ಗದ ಕೆಳಗೆ, ಕೈಯಲ್ಲಿ ಒದ್ದೆ ಟವೆಲು ಹಿಡಿದೇ ಅವಳು ಪೂರ್ತಿ ಹಾಡಿದಳು. ಹೆಣ್ಣು ಹೊಸ್ತಿಲು ದಾಟಿದಳು, ದೀಪ ಇಳಿಯಿತು, ಮಂಗಳವಾಯಿತು. ಕೊನೆಯ ಸಾಲುಗಳಲ್ಲಿ ರಾಗ ಇದ್ದಕ್ಕಿದ್ದಂತೆ ಹಗುರಾಗಿ, ಸ್ವಲ್ಪ ತುಂಟತನ ಬೆರೆತು ಕುಣಿಯುತ್ತಿತ್ತು. ಅವಳ ಮುಖ ನೋಡಿ ನನಗೆ ಅಳು ಬಂತು. ಓನರ್ ಅಮ್ಮ ಇದ್ದಿದ್ದರೆ ಮಜ್ಜಿಗೆ ತರುತ್ತಿದ್ದರು.

ಅವತ್ತೇ ಮಧ್ಯಾಹ್ನ ಲೇತಿನವರ ಊಟದ ಹೊತ್ತಿಗೆ ಗಿಂಡಿಗೆ ಹೋಗಿ ಹಾಡಿ ತೋರಿಸಿದೆ. ಕೊನೆಯ ಸಾಲಿಗೆ ಬರುತ್ತಿದ್ದಂತೆ ಕಯಲ್ ನಕ್ಕಳು. ನಾನು ಮುಗಿಸುವ ಮೊದಲೇ ಅದೇ ರಾಗವನ್ನು ತಮಿಳು ಮಾತಿನಲ್ಲಿ ಹಾಡಿ ಮುಗಿಸಿದಳು.

"ಇದು ಎಂಗ ಅತ್ತೈ ಪಾಟ್ಟು," ಎಂದಳು. ಇದು ನಮ್ಮ ಅತ್ತೆಯ ಹಾಡು.

ಇಲ್ಲಿಯ ಮದುವೆಗಳಲ್ಲಿ ನಲಂಗು ಎಂಬ ಶಾಸ್ತ್ರವಿದೆ. ಮದುಮಕ್ಕಳನ್ನು ಎದುರುಬದುರು ಕೂರಿಸಿ, ಅರಿಶಿನ ಹಚ್ಚಿ, ಹೆಂಗಸರು ಹಾಡಿ ಕೀಟಲೆ ಮಾಡುತ್ತಾರೆ. ಅದರ ರಾಗ ಇದು. ಅಂಗಳದ ಐದು ಮನೆಗಳಲ್ಲಿ ಎಷ್ಟು ಮದುವೆಯಾಗಿರಬೇಕು, ಚಿಕ್ಕಮ್ಮ ಎಷ್ಟು ನಲಂಗಿನಲ್ಲಿ ಕುಳಿತು ದನಿ ಕೂಡಿಸಿರಬೇಕು. ಕೊನೆಯ ಸಾಲುಗಳ ಮಾತು ಅವಳಿಗೆ ಮರಳಿ ನೆನಪಾಗಿತ್ತು, ರಾಗ ಹೋಗಿಬಿಟ್ಟಿತ್ತು. ಖಾಲಿ ಬಿದ್ದ ಜಾಗಕ್ಕೆ ಇಲ್ಲಿಯದು ಬಂದು ಕುಳಿತಿತ್ತು, ಅವಳಿಗೂ ಹೇಳದೆ.

ಕಯಲ್‌ಗೆ ಸಂಭ್ರಮವೋ ಸಂಭ್ರಮ. ಆರು ತಿಂಗಳಿಂದ ನಾವು ಟಿಕ್ಕು, ಕತ್ತರಿ, ಲೂಪು ಎಂದು ಹೆಣಗಾಡಿ ಎರಡು ಊರಿನ ಹಾಡುಗಳನ್ನು ಕೂಡಿಸಲು ನೋಡುತ್ತಿದ್ದೇವೆ, ನಿನ್ನ ಚಿಕ್ಕಮ್ಮ ಬಟ್ಟೆ ಒಣಗಿಸುತ್ತ ಕೂಡಿಸಿಬಿಟ್ಟಳು ಎಂದು ಕುಣಿದಾಡಿದಳು. ನನಗೂ ಸಂತೋಷವಾಗಬೇಕಿತ್ತು. ಆಗಲಿಲ್ಲ, ಭಯವಾಯಿತು. ನಮಗೇನೋ ಇದು ಆರನೆಯ ಹಾಡು. ಅವಳಿಗೆ ಮಗಳ ಮದುವೆ. ಇದೇ ರಾಗವನ್ನು ಅವಳು ಊರಿನ ಚಪ್ಪರದಲ್ಲಿ, ದೇವಕಿ ದೊಡ್ಡಮ್ಮನ ಎದುರು, ಧೈರ್ಯವಾಗಿ ಎತ್ತುತ್ತಾಳೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹೇಳಿಬಿಟ್ಟರೆ ಅಂಗಳದಲ್ಲಿ ಕಂಡ ಆ ಮುಖ ಮತ್ತೆ ಬಾಡುತ್ತದೆ, ಹಾಡು ಮತ್ತೆ ಹೊಸ್ತಿಲಿಗೆ ಹೋಗಿ ನಿಲ್ಲುತ್ತದೆ. ಹೇಳದಿದ್ದರೆ ಅವಮಾನಕ್ಕೆ ನಾನೇ ಟಿಕೆಟ್ ತೆಗೆಸಿ ಕಳಿಸಿದಂತೆ. ಹೇಳಬೇಕೆಂದು ಹೋಗಿ, ತಿಂಡಿ ತಿಂದು, ಹೇಳದೆ ಬಂದೆ. ಹೀಗೆ ನಾಲ್ಕು ಸಲ.

ಪ್ರದರ್ಶನ ಒಂದು ಭಾನುವಾರ ಸಂಜೆ ನಾಲ್ಕಕ್ಕೆ, ನುಂಗಂಬಾಕ್ಕಂ ಸ್ಟೇಷನ್ನಿಗೆ ಹತ್ತಿರದ ಒಂದು ಚಿಕ್ಕ ಹಾಲಿನಲ್ಲಿ. ನಮ್ಮೂರಿನಲ್ಲಿ ಯಕ್ಷಗಾನದ ಆಟ ನೋಡುವವರು ಕಡಲೆ ತಿನ್ನುತ್ತ, ಮಕ್ಕಳನ್ನು ಗದರಿಸುತ್ತ ನೋಡುತ್ತಾರೆ, ಒಂದು ತಪ್ಪಿದರೆ ಯಾರ ಗಮನಕ್ಕೂ ಬಾರದು. ಇಲ್ಲಿಯವರು ಗಿಟಾರಿನ ಹಾಡು ಕೇಳಲು ಬಂದರೂ ತೊಡೆಯ ಮೇಲೆ ಬೆರಳೆಣಿಸುತ್ತ ತಾಳ ಹಾಕಿ ಕೂರುತ್ತಾರೆ. ಮೂರನೆಯ ಸಾಲಿನಲ್ಲಿ ಚಿಕ್ಕಮ್ಮ, ಹಸಿರು ರೇಷ್ಮೆ ಸೀರೆಯುಟ್ಟು ಕುಳಿತಿದ್ದಳು. ಅವಳು ಟಿವಿಯಲ್ಲಲ್ಲದೆ ವೇದಿಕೆಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಐದು ಹಾಡು ಹೇಗೋ ದಾಟಿದವು. ಆರನೆಯದಕ್ಕೆ ಕಾಲಿನಿಂದ ಲೂಪಿನ ಪೆಟ್ಟಿಗೆ ಒತ್ತಿದೆ. ಚಿಕ್ಕಮ್ಮನ ದನಿ ಹಾಲಿನಲ್ಲಿ ತುಂಬಿತು, ಈ ಸಲ ಉಸಿರಿನ ಸಮೇತ. ಕಯಲ್ ಅವನ್ನು ಮರಳಿ ಇಟ್ಟಿದ್ದಳು, ಟಿಕ್ಕೇ ಅವಳ ಉಸಿರಿಗೆ ಕಾಯುವಂತೆ ಮಾಡಿದ್ದಳು. ಅರುಳ್ ಮೆಲ್ಲಗೆ ಜೊತೆಯಾದ. ನಿಂತಾಳೆ ಎಂಬಲ್ಲಿ ನಾನು ಪೆಟ್ಟಿಗೆ ಬಂದ್ ಮಾಡಿ, ಕಿವಿಯಲ್ಲಿದ್ದ ಟಿಕ್ಕಿನ ಇಯರ್‌ಫೋನ್ ಕಿತ್ತು, ಬರಿಗಂಟಲಿನಲ್ಲಿ ಕೊನೆಯ ಸಾಲುಗಳನ್ನು ಎತ್ತಿಕೊಂಡೆ. ಆಗ ಹಿಂದಿನ ಸಾಲಿನಿಂದ ಯಾರೋ ಒಬ್ಬರು ಗುನುಗತೊಡಗಿದರು. ಮತ್ತೊಬ್ಬರು. ವಯಸ್ಸಾದ ಹೆಂಗಸರು, ಅವರ ಸೊಸೆಯಂದಿರು. ಮಾತು ಅವರಿಗೆ ಗೊತ್ತಿಲ್ಲ, ರಾಗ ಗೊತ್ತು. ನಗುನಗುತ್ತ ಅರ್ಧ ಹಾಲು ನನ್ನೊಂದಿಗೆ ಮುಗಿಸಿತು. ಜನ ಚಪ್ಪಾಳೆ ತಟ್ಟುವಾಗ ನಾನು ನೋಡಿದ್ದು ಒಬ್ಬಳನ್ನೇ. ಚಿಕ್ಕಮ್ಮ ಚಪ್ಪಾಳೆ ತಟ್ಟದೆ, ಕತ್ತು ತಿರುಗಿಸಿ ಹಿಂದೆ ಕುಳಿತವರನ್ನು ನೋಡುತ್ತಿದ್ದಳು.

ವಾಪಸ್ಸು ಇಬ್ಬರೇ ಲೋಕಲ್ ರೈಲು ಹತ್ತಿದೆವು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಡಿ ಹೊರಟ ಮೇಲೆ ಅವಳು ಕೇಳಿದಳು.

"ಇವ್ರಿಗೆಲ್ಲ ನಮ್ ಹಾಡ್ ಹ್ಯಾಂಗ್ ಗೊತ್ತಿತ್ತ್ ಮಗಾ?"

ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಹೇಳಿದೆ. ಕೊನೆ ನಮ್ಮದಲ್ಲ ಚಿಕ್ಕಮ್ಮ, ನಿನ್ನ ಅಂಗಳದವರದು, ನಲಂಗಿನದು, ನನಗೆ ಮೊದಲೇ ಗೊತ್ತಿತ್ತು, ಹೇಳಲು ಹೆದರಿದೆ. ಕೋಡಂಬಾಕ್ಕಂ ದಾಟಿತು, ಮಾಂಬಲ ದಾಟಿತು. ಸೈದಾಪೇಟೆಯಲ್ಲಿ ಜನ ಇಳಿದು ಹತ್ತಿದರು. ನಾನು ಬೈಗುಳಕ್ಕೆ ಕಾದು ಕುಳಿತಿದ್ದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಆ ಕೊನೆಯ ಸಾಲನ್ನು ಒಂದು ಸಲ ಸಣ್ಣಗೆ ಗುನುಗಿದಳು, ಅಡುಗೆಗೆ ಉಪ್ಪು ಸರಿಯಿದೆಯೇ ಎಂದು ನೋಡುವವಳ ಹಾಗೆ.

"ಹಾಂಗಾರೆ ಆ ಹೆಣ್ ಹೊಸ್ತಿಲ್ ದಾಟಿ ಬಂದದ್ ಇಲ್ಲಿಗೇ ಅಂದ್ಹೇಳಾಯ್ತ್," ಎಂದಳು.

ಮದುವೆಯಲ್ಲಿ ಏನು ಮಾಡುತ್ತೀ ಎಂದು ಕೇಳಿದೆ. ಇದನ್ನೇ ಹಾಡುತ್ತೇನೆ, ಕೇಳಿದವರಿಗೆ ಎಲ್ಲಿಯದೆಂದು ಹೇಳುತ್ತೇನೆ ಎಂದಳು. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ಇದ್ದದ್ದೆಲ್ಲ ನನ್ನಲ್ಲೇ ಉಳಿದಿತ್ತು. ಕ್ರೋಂಪೇಟೆಯಲ್ಲಿ ಇಳಿದಾಗ ಅವಳು ಮಾಮೂಲಿನಂತೆ, ಮನೆಗೆ ಬಾ, ಸಾಪಾಡ್ ಮುಗಿಸಿ ಹೋಗು ಎಂದಳು.

ಮದುವೆಗೆ ಇನ್ನು ಹನ್ನೆರಡು ದಿನ. ನಾನೂ ಊರಿಗೆ ಹೋಗುತ್ತಿದ್ದೇನೆ. ಆ ಹಾಡಿನ ನಿಜವಾದ ಕೊನೆ ದೇವಕಿ ದೊಡ್ಡಮ್ಮನಿಗೆ ಗೊತ್ತಿದ್ದರೂ ಇರಬಹುದು. ಚಿಕ್ಕಮ್ಮ ಈಗ ಕೇಳಬೇಡ ಎನ್ನುವುದಿಲ್ಲ, ಕೊಟ್ಟ ಮಾತಿನಿಂದ ನನ್ನನ್ನು ಬಿಟ್ಟಿದ್ದಾಳೆ. ದಿನಾ ಫೋನ್ ಕೈಗೆತ್ತಿಕೊಳ್ಳುತ್ತೇನೆ, ಹೆಸರು ಹುಡುಕುತ್ತೇನೆ, ಕೆಳಗಿಡುತ್ತೇನೆ. ಕೇಳಿದರೆ ನಮ್ಮ ಆರನೆಯ ಹಾಡಿಗೆ ಯಾವ ಕೊನೆಯನ್ನು ಹಾಡಬೇಕು ಎಂದು ನಾನೇ ತೀರ್ಮಾನ ಮಾಡಬೇಕಾಗುತ್ತದೆ. ಇನ್ನೂ ಕೇಳಿಲ್ಲ.